ಲೆಕ್ಕ ಬರೆದ ಹುಡುಗಿ, ರೀಲು ಹೊತ್ತ ಮನುಷ್ಯ, ಫೈಲು ಇಟ್ಟ ಗುಮಾಸ್ತ



ಪೋಸ್ಟು ಉದ್ದ ಇದೆ, ಮೊದಲೇ ಹೇಳಿಬಿಡ್ತೀನಿ. ಪುರುಸೊತ್ತು ಮಾಡಿಕೊಂಡು ಓದಿ. ಓದದೆ ಲೈಕ್ ಒತ್ತಿ ಮುಂದಕ್ಕೆ ಹೋಗಬೇಡಿ.

ಹೋದ ತಿಂಗಳು ಒಂದು ಭಾನುವಾರ ಮೊಬೈಲಿನಲ್ಲಿ ಒಂದು ಮೂಕಿ ಸಿನಿಮಾ ನೋಡಿದೆ. 1920ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದದ್ದು. ಹೆಸರು 'ವಿದಿನ್ ಅವರ್ ಗೇಟ್ಸ್'. ನಮ್ಮ ಬಾಗಿಲ ಒಳಗೆ ಅಂತ ಅರ್ಥ ಮಾಡ್ಕೋಬಹುದು. ಮಾತಿಲ್ಲ, ಬಣ್ಣ ಇಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು 'ಏನಪ್ಪಾ ಇದು ಇಷ್ಟು ಹಳೇದು' ಅಂತ ಎದ್ದು ಹೋದಳು. ನಾನು ಏಳಲಿಲ್ಲ.

ಆ ಚಿತ್ರದ ಕೊನೆಯ ಭಾಗದಲ್ಲಿ ಒಂದು ಕತೆ ಬರುತ್ತೆ. ಅಮೆರಿಕದ ದಕ್ಷಿಣದ ಒಂದು ಹಳ್ಳಿ. ಜಾಸ್ಪರ್ ಲ್ಯಾಂಡ್ರಿ ಅನ್ನೋ ಕಪ್ಪು ರೈತ ಬಿಳಿ ಜಮೀನ್ದಾರನ ಹೊಲವನ್ನು ವಾರಕ್ಕೆ ಮಾಡ್ತಿರ್ತಾನೆ. ಬೆಳೆದದ್ದರಲ್ಲಿ ಪಾಲು ಜಮೀನ್ದಾರನಿಗೆ, ಸಾಲ ಎಷ್ಟು ಉಳೀತು ಅಂತ ಹೇಳೋನೂ ಅವನೇ. ವರ್ಷ ವರ್ಷ ದುಡಿದರೂ ಸಾಲ ತೀರೋದಿಲ್ಲ. ಆದರೆ ಈ ಮನೇಲಿ ಒಬ್ಬ ಸಾಕುಮಗಳು ಇದ್ದಾಳೆ, ಸಿಲ್ವಿಯಾ. ಅವಳು ಓದಿದ್ದಾಳೆ. ಮೇಜಿನ ಮುಂದೆ ಕೂತು ಅಪ್ಪನ ಲೆಕ್ಕ ಬರೆದು, ಕೂಡಿ ಕಳೆದು, 'ನಾವು ಕೊಡಬೇಕಾದ್ದು ಇಷ್ಟೇ' ಅಂತ ತೀರ್ಮಾನ ಮಾಡ್ತಾಳೆ. ಆ ಲೆಕ್ಕ ಹಿಡಿದು ಜಾಸ್ಪರ್ ಜಮೀನ್ದಾರನ ಹತ್ತಿರ ಹೋಗ್ತಾನೆ.

ಅಲ್ಲಿಗೆ ಶುರುವಾಯ್ತು.

ಜಮೀನ್ದಾರನ ಮನೆಯ ಕಪ್ಪು ಆಳು ಎಫ್ರೆಮ್ ಮೊದಲೇ ಹೋಗಿ ಚಾಡಿ ಹೇಳಿರ್ತಾನೆ, 'ಅವರ ಹುಡುಗಿ ಓದಿಬಿಟ್ಟಿದ್ದಾಳೆ, ಇನ್ನು ನಿಮ್ಮ ಆಟ ನಡೆಯಲ್ಲ' ಅನ್ನೋ ಹಾಗೆ. ಮಾತಿಗೆ ಮಾತು ಬೆಳೆಯುತ್ತೆ. ಅದೇ ಹೊತ್ತಿಗೆ, ಆ ಜಮೀನ್ದಾರನಿಂದ ತಾನೂ ಮೋಸ ಹೋಗಿದ್ದ ಒಬ್ಬ ಬಡ ಬಿಳಿಯ ಕಿಟಕಿಯಿಂದ ಗುಂಡು ಹೊಡೆದು ಜಮೀನ್ದಾರನನ್ನ ಕೊಂದುಬಿಡ್ತಾನೆ. ಆರೋಪ ಜಾಸ್ಪರ್ ತಲೆಗೆ. ಊರಿಗೆ ಊರೇ ಬೇಟೆಗೆ ಹೊರಡುತ್ತೆ. ಜಾಸ್ಪರ್ ಮತ್ತು ಅವನ ಹೆಂಡತಿಯನ್ನ ನೇಣು ಹಾಕಿ ಸುಡ್ತಾರೆ. ಚಿಕ್ಕ ಹುಡುಗ ಕುದುರೆ ಹತ್ತಿ ತಪ್ಪಿಸಿಕೊಳ್ತಾನೆ. ಚಾಡಿ ಹೇಳಿದ ಎಫ್ರೆಮ್? 'ನಾನು ನಿಮ್ಮವನು' ಅಂತ ಬಿಳಿಯರ ಮಧ್ಯೆ ಮೆರೀತಿದ್ದವನನ್ನೂ, ಜಾಸ್ಪರ್ ಸಿಗದೆ ಬೇಜಾರಾದ ಗುಂಪು ಹಿಡಿದು ಕೊಂದುಹಾಕುತ್ತೆ.

ಇಷ್ಟಕ್ಕೆಲ್ಲ ಮೂಲ ಏನು? ಒಂದು ಹುಡುಗಿ ಲೆಕ್ಕ ಬರೆದದ್ದು.

ನಾನು ಗುಮಾಸ್ತ. ಹಾಳೆಗೆ ಪುಟ ಸಂಖ್ಯೆ ಹಾಕೋದು, ರಿಜಿಸ್ಟರಿಗೆ ನಮೂದು ಮಾಡೋದು, ಫೈಲಿಗೆ ದಾರ ಕಟ್ಟೋದು ನನ್ನ ಹೊಟ್ಟೆಪಾಡು. ಅದಕ್ಕೂ ಮುಂಚೆ, ಏಳನೇ ಕ್ಲಾಸಿನಲ್ಲಿ ಇದ್ದಾಗ ನಾನೂ ನಮ್ಮಪ್ಪನ ಲೆಕ್ಕ ಬರೆದಿದ್ದೆ. ಕೂಲಿ ದಿನ ಎಷ್ಟು, ತಗೊಂಡ ರಾಗಿ ಎಷ್ಟು ಅಂತ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ. ಅಪ್ಪ ಅದನ್ನ ಮಡಚಿ ಜೇಬಿನಲ್ಲಿ ಇಟ್ಕೊಂಡು ಹೋಗಿ, 'ಬುದ್ಧಿ, ಹೈದ ಬರ್ದವ್ನೆ, ಒಸಿ ನೋಡಿ' ಅಂದರು. ಸಾಹುಕಾರರು ಹಾಳೆ ನೋಡಲಿಲ್ಲ. ನನ್ನ ಮುಖ ನೋಡಿದರು. 'ಓದಕ್ಕೆ ಕಳ್ಸಿದ್ದು ಇದುಕ್ಕೇನ್ಲಾ?' ಅಂದರು. ಅಷ್ಟೇ. ನಮ್ಮನ್ನ ಯಾರೂ ಸುಡಲಿಲ್ಲ. ಆದರೆ ಆವತ್ತಿನ ಅಪ್ಪನ ಮುಖ ಮತ್ತು ಈ ಸಿನಿಮಾದ ಜಾಸ್ಪರ್ ಮುಖ ನನಗೆ ಒಂದೇ ಥರ ಕಂಡವು.

ಇಂಥ ಚಿತ್ರ ತೆಗೆದವನು ಯಾರು ಅಂತ ಹುಡುಕೋಕೆ ಶುರು ಮಾಡಿದೆ. ಆ ಮನುಷ್ಯನ ಹೆಸರು ಆಸ್ಕರ್ ಮಿಶೋ.

ಅವನ ಕತೆಗೆ ಮುಂಚೆ 1915ಕ್ಕೆ ಹೋಗಬೇಕು. ಆ ವರ್ಷ ಡಿ. ಡಬ್ಲ್ಯು. ಗ್ರಿಫಿತ್ ಎಂಬ ಬಿಳಿಯ ನಿರ್ದೇಶಕ 'ದ ಬರ್ತ್ ಆಫ್ ಎ ನೇಷನ್' ಅನ್ನೋ ಮೂರು ಗಂಟೆಯ ಚಿತ್ರ ತೆಗೆದ. ಸಿನಿಮಾ ಕಲೆಯ ಪಾಠ ಹೇಳೋರು ಇವತ್ತಿಗೂ ಇದನ್ನ ಮರೆಯೋದಿಲ್ಲ, ಕ್ಯಾಮೆರಾ ಕೆಲಸ, ಎಡಿಟಿಂಗ್ ಅಂತ. ಅದರೊಳಗೆ ಇದ್ದದ್ದು ಏನು? ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಕುಡುಕರು, ಸೋಮಾರಿಗಳು, ಬಿಳಿ ಹೆಂಗಸರ ಮೇಲೆ ಬೀಳೋರು. ಅವರಿಂದ ದೇಶ ಕಾಪಾಡುವ ವೀರರು ಯಾರು ಅಂದರೆ ಬಿಳಿ ಮುಸುಕು ಹಾಕ್ಕೊಂಡು ಕುದುರೆ ಮೇಲೆ ಬರೋ ಕು ಕ್ಲಕ್ಸ್ ಕ್ಲಾನ್ ಗುಂಪು. ಮುಖ್ಯ ಕಪ್ಪು ಪಾತ್ರಗಳನ್ನ ಬಿಳಿಯರೇ ಮುಖಕ್ಕೆ ಮಸಿ ಬಳ್ಕೊಂಡು ಮಾಡಿದರು. ಈ ಚಿತ್ರವನ್ನ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಶ್ವೇತಭವನದಲ್ಲೇ ಹಾಕಿಸಿ ನೋಡಿದ. ಸತ್ತು ಹೋಗಿದ್ದ ಕ್ಲಾನ್ ಅದೇ ವರ್ಷದ ಕೊನೆಗೆ ಜಾರ್ಜಿಯಾದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ ಮತ್ತೆ ಹುಟ್ಟಿತು. ಎನ್‌ಎಎಸಿಪಿ ಅನ್ನೋ ಕಪ್ಪು ಜನರ ಹಕ್ಕಿನ ಸಂಘಟನೆ ಊರೂರಲ್ಲಿ ಪ್ರತಿಭಟಿಸಿತು. ಚಿತ್ರ ಓಡ್ತಾನೇ ಇತ್ತು.

ಇನ್ನೊಂದು ಮಾತು. 1915ರ ಮಾರ್ಚಿನಲ್ಲಿ ಈ ಚಿತ್ರ ನ್ಯೂಯಾರ್ಕಿನಲ್ಲಿ ತೆರೆಕಂಡಾಗ, ಅದೇ ಊರಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಮ್ಮ ಬಾಬಾಸಾಹೇಬರು ಓದ್ತಾ ಇದ್ದರು. 1913ರಿಂದ 1916ರವರೆಗೆ ಅವರು ಅಲ್ಲಿದ್ದರು. ಮುಂದೆ 1946ರಲ್ಲಿ ಕಪ್ಪು ಜನರ ಚಿಂತಕ ಡು ಬೋಯಿಸ್ ಅವರಿಗೆ ಬಾಬಾಸಾಹೇಬರು ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಕೊಟ್ಟ ಅರ್ಜಿಯ ಪ್ರತಿ ಕಳಿಸಿ ಅಂತ ಕೇಳಿದ್ದು ನಮ್ಮಲ್ಲಿ ಹಲವರಿಗೆ ಗೊತ್ತು. ಆ ಕಾಲ, ಆ ದೇಶ ನಮಗೆ ಪರಕೀಯ ಅಲ್ಲ ಅನ್ನೋದಕ್ಕೆ ಹೇಳಿದೆ.

ಈಗ ಮಿಶೋ ಕತೆಗೆ ಬರ್ತೀನಿ.

ಹುಟ್ಟಿದ್ದು 1884ರ ಜನವರಿ 2ರಂದು, ಇಲಿನಾಯ್ ರಾಜ್ಯದ ಮೆಟ್ರೊಪೊಲಿಸ್ ಊರಿನ ಹತ್ತಿರ. ಅಪ್ಪ ಹುಟ್ಟುವಾಗ ಗುಲಾಮ. ಮನೆ ತುಂಬಾ ಮಕ್ಕಳು. ಹದಿನೇಳನೇ ವಯಸ್ಸಿಗೆ ಮನೆ ಬಿಟ್ಟು ಷಿಕಾಗೋ ಸೇರಿದ. ಕಸಾಯಿಖಾನೆ ಕೆಲಸ, ಉಕ್ಕಿನ ಕಾರ್ಖಾನೆ ಕೆಲಸ, ಬೂಟ್ ಪಾಲಿಶ್. ಆಮೇಲೆ ಪುಲ್ಮನ್ ಕಂಪನಿಯ ರೈಲುಗಳಲ್ಲಿ ಪೋರ್ಟರ್ ಆದ. ಶ್ರೀಮಂತರು ಮಲಗಿ ಪ್ರಯಾಣ ಮಾಡೋ ಬೋಗಿಗಳು ಅವು. ಹಾಸಿಗೆ ಹಾಸೋದು, ಬೂಟು ಒರೆಸೋದು, ಸಾಮಾನು ಎತ್ತೋದು. ಆ ಪೋರ್ಟರುಗಳನ್ನ ಪ್ರಯಾಣಿಕರು ಅವರವರ ಹೆಸರಲ್ಲಿ ಕರೀತಿರಲಿಲ್ಲ. ಕಂಪನಿ ಯಜಮಾನ ಜಾರ್ಜ್ ಪುಲ್ಮನ್, ಹಾಗಾಗಿ ಎಲ್ಲರೂ 'ಜಾರ್ಜ್'! ಯಜಮಾನನ ಹೆಸರೇ ಆಳಿನ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಬಿಟ್ಟು ಇನ್ನೊಂದು ಹೆಸರಲ್ಲಿ ಕೂಗಿಸಿಕೊಳ್ಳೋದು ಅಂದರೆ ಏನು ಅಂತ ನಮ್ಮ ಕೇರಿಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಕೆಲಸದಲ್ಲಿ ದೇಶ ನೋಡಿದ, ದುಡ್ಡು ಉಳಿಸಿದ. 1905ರ ಹೊತ್ತಿಗೆ ದಕ್ಷಿಣ ಡಕೋಟಾದ ಗ್ರೆಗರಿ ಕೌಂಟಿಯಲ್ಲಿ ಜಮೀನು ಹಿಡಿದ. ಸುತ್ತ ಎಲ್ಲಾ ಬಿಳಿಯರು. ಕಪ್ಪು ಮನುಷ್ಯ ಬೇಸಾಯ ಮಾಡ್ತಾನಂತೆ ಅಂತ ನಕ್ಕರು. ಇವನು ಹುಲ್ಲುಗಾವಲನ್ನ ಉತ್ತು ಬೆಳೆ ತೆಗೆದು ತೋರಿಸಿದ.

ಇಲ್ಲಿ ಒಂದು ಸತ್ಯ ಹೇಳದೆ ಮುಂದೆ ಹೋಗೋಕಾಗಲ್ಲ. ಆ ಭೂಮಿ ಯಾರದು? ಲಕೋಟಾ ಮೂಲನಿವಾಸಿಗಳದು. ಅವರ ರೋಸ್‌ಬಡ್ ಮೀಸಲು ಪ್ರದೇಶವನ್ನ ಸರ್ಕಾರ ಕತ್ತರಿಸಿ ಹೊರಗಿನವರಿಗೆ ಹಂಚಿದ ಜಾಗ. ಗುಲಾಮನ ಮಗನಿಗೆ ಸಿಕ್ಕ ಮೊದಲ ಸ್ವಂತ ಭೂಮಿ, ಇನ್ನೊಬ್ಬ ಸೋತವನಿಂದ ಕಿತ್ತುಕೊಂಡದ್ದು. ಮಿಶೋನನ್ನ ಪ್ರೀತಿಸ್ತಾ ಇದನ್ನ ಮುಚ್ಚಿಟ್ಟರೆ, ಗ್ರಿಫಿತ್ ಮಾಡಿದ ಕೆಲಸವನ್ನೇ ನಾವೂ ಸಣ್ಣ ಪ್ರಮಾಣದಲ್ಲಿ ಮಾಡಿದ ಹಾಗೆ.

1910ರಲ್ಲಿ ಷಿಕಾಗೋದ ಪಾದ್ರಿಯೊಬ್ಬನ ಮಗಳು ಓರ್ಲೀನ್ ಮೆಕ್ರಾಕೆನ್‌ಳನ್ನ ಮದುವೆಯಾದ. ಸಂಸಾರ ಮುರಿದುಬಿತ್ತು. ಮಾವನ ಮೇಲಿನ ಸಿಟ್ಟು ಅವನ ಕಾದಂಬರಿಗಳಲ್ಲೂ ಸಿನಿಮಾಗಳಲ್ಲೂ ಕೊನೆವರೆಗೂ ಉಳೀತು. ಅವನ ಕತೆಗಳಲ್ಲಿ ಪಾದ್ರಿಗಳು ಒಳ್ಳೆಯವರಾಗಿರೋದು ಕಡಿಮೆ. ಬರಗಾಲ ಬಂತು, ಸಾಲ ಆಯ್ತು, ಜಮೀನು ಕೈಬಿಟ್ಟು ಹೋಯ್ತು.

ಎಲ್ಲಾ ಹೋದ ಮೇಲೆ ಏನು ಮಾಡಿದ? ಬರೆಯೋಕೆ ಕೂತ. 1913ರಲ್ಲಿ 'ದ ಕಾಂಕ್ವೆಸ್ಟ್' ಅನ್ನೋ ಕಾದಂಬರಿ ಅಚ್ಚು ಹಾಕಿಸಿದ. ತನ್ನದೇ ಬದುಕಿನ ಕತೆ, ಲೇಖಕನ ಹೆಸರಿಲ್ಲದೆ. ಪುಸ್ತಕವನ್ನ ಮನೆ ಮನೆಗೆ ಹೋಗಿ ತಾನೇ ಮಾರಿದ. ರೈತರ ಬಾಗಿಲು ತಟ್ಟಿದ. ಆಮೇಲೆ ಇನ್ನೆರಡು ಕಾದಂಬರಿ ಬಂದವು. ಮೂರನೆಯದು 1917ರ 'ದ ಹೋಮ್‌ಸ್ಟೆಡರ್'. ಅಯೋವಾದ ಸೂ ಸಿಟಿಯಲ್ಲಿ ಕೂತು ತನ್ನದೇ ಪುಸ್ತಕದ ಕಂಪನಿ ನಡೆಸ್ತಿದ್ದ. ನಮ್ಮ ಸಮಾವೇಶಗಳಲ್ಲಿ ನೆಲದ ಮೇಲೆ ಟವೆಲ್ ಹಾಸಿ ಪುಸ್ತಕ ಮಾರೋ ಗೆಳೆಯರು ನೆನಪಾಗ್ತಾರೆ ಅಲ್ವಾ?

ಈಗ ಕತೆಗೆ ಇನ್ನೊಬ್ಬರು ಬರ್ತಾರೆ. ಇವರನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ. ಜಾರ್ಜ್ ಜಾನ್ಸನ್. ನೆಬ್ರಾಸ್ಕಾದ ಒಮಾಹಾ ಊರಿನಲ್ಲಿ ಅಂಚೆ ಗುಮಾಸ್ತ. ಇವರ ಅಣ್ಣ ನೋಬಲ್ ಜಾನ್ಸನ್ ಹಾಲಿವುಡ್ಡಿನಲ್ಲಿ ನಟ. 1916ರಲ್ಲಿ ಹುಟ್ಟಿದ ಲಿಂಕನ್ ಮೋಷನ್ ಪಿಕ್ಚರ್ ಕಂಪನಿಯನ್ನ ಈ ಅಣ್ಣ ತಮ್ಮ ನಡೆಸ್ತಿದ್ದರು. ಕಪ್ಪು ಜನ, ಕಪ್ಪು ಜನರಿಗಾಗಿ, ಮರ್ಯಾದೆಯ ಚಿತ್ರ ಮಾಡಬೇಕು ಅಂತ ಹೊರಟ ಮೊದಲ ಕಂಪನಿಗಳಲ್ಲಿ ಅದೂ ಒಂದು. ಜಾರ್ಜ್ ಹಗಲು ಅಂಚೆ ಕೆಲಸ ಮಾಡಿ, ಉಳಿದ ಹೊತ್ತಲ್ಲಿ ಕಂಪನಿಯ ಪತ್ರ ವ್ಯವಹಾರ, ಚಿತ್ರ ಹಂಚಿಕೆ ನೋಡ್ಕೊಳ್ತಿದ್ದರು.

1918ರಲ್ಲಿ ಜಾರ್ಜ್ 'ದ ಹೋಮ್‌ಸ್ಟೆಡರ್' ಕಾದಂಬರಿಯನ್ನ ಸಿನಿಮಾ ಮಾಡ್ತೀವಿ ಅಂತ ಮಿಶೋಗೆ ಬರೆದರು. ಮಿಶೋ ಒಪ್ಪಿದ. ಒಂದೇ ಷರತ್ತು: ಚಿತ್ರ ತೆಗೆಯುವಾಗ ನಾನಿರಬೇಕು, ನಾನೇ ನಿಂತು ಮಾಡಿಸಬೇಕು. ಕ್ಯಾಮೆರಾ ಯಾವ ಕಡೆಯಿಂದ ನೋಡಬೇಕು ಅಂತ ಗೊತ್ತಿಲ್ಲದ ಮನುಷ್ಯ ಹೀಗಂದ! ಜಾನ್ಸನ್ ಸೋದರರು ಒಪ್ಪಲಿಲ್ಲ. ಮಾತುಕತೆ ಮುರಿಯಿತು.

ನಾನಾಗಿದ್ದರೆ ಏನು ಮಾಡ್ತಿದ್ದೆ ಅಂತ ಯೋಚನೆ ಮಾಡಿದೆ. ನಮ್ಮೋರೇ ಕಂಪನಿ ಮಾಡಿದ್ದಾರೆ, ಕತೆ ತಗೊಳ್ತಿದ್ದಾರೆ, ಹೆಸರು ಹಾಕ್ತಾರೆ, ಸಾಕು ಅಂತ ಸೈನ್ ಹಾಕಿ ಕೊಟ್ಟುಬಿಡ್ತಿದ್ದೆ. ಮಿಶೋ ಕೊಡಲಿಲ್ಲ. ಮಿಶೋ ಫಿಲ್ಮ್ ಅಂಡ್ ಬುಕ್ ಕಂಪನಿ ಅಂತ ಬೋರ್ಡ್ ಹಾಕಿದ. ತನ್ನಿಂದ ಪುಸ್ತಕ ಕೊಂಡಿದ್ದ ಸೂ ಸಿಟಿ ಸುತ್ತಮುತ್ತಲ ರೈತರ ಬಾಗಿಲಿಗೆ ಮತ್ತೆ ಹೋದ, ಈ ಸಲ ಷೇರು ಮಾರೋಕೆ. ಅವರಲ್ಲಿ ಹೆಚ್ಚಿನವರು ಬಿಳಿಯರು. ಆ ದುಡ್ಡಲ್ಲಿ ಎಂಟು ರೀಲಿನ ಚಿತ್ರ ತೆಗೆದ. 1919ರ ಫೆಬ್ರುವರಿಯಲ್ಲಿ 'ದ ಹೋಮ್‌ಸ್ಟೆಡರ್' ಷಿಕಾಗೋದಲ್ಲಿ ತೆರೆಕಂಡಿತು. ಕಪ್ಪು ನಿರ್ದೇಶಕನೊಬ್ಬ ತೆಗೆದ ಮೊದಲ ಪೂರ್ಣ ಪ್ರಮಾಣದ ಚಿತ್ರ ಅಂತ ಇತಿಹಾಸಕಾರರು ಗುರುತಿಸೋದು ಇದನ್ನೇ.

ಆ ಚಿತ್ರ ಇವತ್ತು ಇಲ್ಲ. ಒಂದು ರೀಲೂ ಉಳಿದಿಲ್ಲ.

ಅದೇ 1919ರ ಬೇಸಿಗೆಯನ್ನ ಅಮೆರಿಕದವರು 'ಕೆಂಪು ಬೇಸಿಗೆ' ಅಂತಾರೆ. ಮೊದಲ ಮಹಾಯುದ್ಧದಲ್ಲಿ ದೇಶಕ್ಕಾಗಿ ಹೋರಾಡಿ ಬಂದ ಕಪ್ಪು ಸೈನಿಕರು ತಲೆ ಎತ್ತಿ ನಡೆದದ್ದೇ ತಪ್ಪಾಯ್ತು. ಹತ್ತಾರು ಊರುಗಳಲ್ಲಿ ಅವರ ಕೇರಿಗಳ ಮೇಲೆ ದಾಳಿ. ಷಿಕಾಗೋದಲ್ಲಿ ಜುಲೈ 27ರಂದು ಯುಜೀನ್ ವಿಲಿಯಮ್ಸ್ ಅನ್ನೋ 17 ವರ್ಷದ ಹುಡುಗ ಮಿಷಿಗನ್ ಸರೋವರದಲ್ಲಿ ಈಜ್ತಾ ಈಜ್ತಾ ಬಿಳಿಯರ ಕಡೆಯ ನೀರಿಗೆ ಹೋದ. ದಡದಿಂದ ಕಲ್ಲು ಬಿದ್ದವು. ಹುಡುಗ ಮುಳುಗಿ ಸತ್ತ. ಕೆರೆ ನೀರು ಮುಟ್ಟಿದ್ದಕ್ಕೆ ಏನೇನಾಗುತ್ತೆ ಅಂತ ಮಹಾಡ್ ಓದಿದ ನಮಗೆ ಗೊತ್ತು. ಒಂದು ವಾರ ಗಲಭೆ. 38 ಜನ ಸತ್ತರು, ಅವರಲ್ಲಿ 23 ಜನ ಕಪ್ಪು ಜನ.

ಗಲಭೆ ಮುಗಿದು ಆರು ತಿಂಗಳೂ ಆಗಿರಲಿಲ್ಲ. 1920ರ ಜನವರಿಯಲ್ಲಿ, ಅದೇ ಷಿಕಾಗೋದಲ್ಲಿ, ಮಿಶೋ 'ವಿದಿನ್ ಅವರ್ ಗೇಟ್ಸ್' ಬಿಡುಗಡೆ ಮಾಡಿದ. ನೇಣು, ಬೆಂಕಿ, ಬಿಳಿ ಗುಂಪು ಎಲ್ಲಾ ಇರೋ ಚಿತ್ರ. ಸೆನ್ಸಾರಿನವರು ಮೊದಲು ಆಗಲ್ಲ ಅಂದರು. ಮತ್ತೆ ಗಲಭೆ ಏಳುತ್ತೆ ಅಂತ ಭಯ. ಎರಡನೇ ಸಲ ತೋರಿಸಿ, ವಾದ ಮಾಡಿ, ಅನುಮತಿ ಪಡೆದ. ಬೇಡ ಅಂದವರಲ್ಲಿ ಕಪ್ಪು ಜನರೂ ಇದ್ದರು. 'ಈಗ ಯಾಕೆ ಗಾಯ ಕೆರೆಯೋದು' ಅನ್ನೋ ಮಾತು ಎಲ್ಲಾ ದೇಶದಲ್ಲೂ ಇದೆ. ದಕ್ಷಿಣದ ಕೆಲವು ಊರುಗಳಲ್ಲಿ ಚಿತ್ರ ಹಾಕೋಕೇ ಬಿಡಲಿಲ್ಲ.

ಗ್ರಿಫಿತ್ ಚಿತ್ರದಲ್ಲಿ ಕಪ್ಪು ಗಂಡಸಿನಿಂದ ತಪ್ಪಿಸಿಕೊಳ್ಳೋಕೆ ಬಿಳಿ ಹುಡುಗಿ ಬಂಡೆಯಿಂದ ಹಾರಿ ಸಾಯ್ತಾಳೆ. ಮಿಶೋ ಅದನ್ನ ತಿರುಗಿಸಿಟ್ಟ. ಅಪ್ಪ ಅಮ್ಮನನ್ನ ಊರು ಸುಡ್ತಾ ಇರೋ ಹೊತ್ತಲ್ಲೇ, ಸತ್ತ ಜಮೀನ್ದಾರನ ತಮ್ಮ ಸಿಲ್ವಿಯಾ ಮೇಲೆ ಬೀಳ್ತಾನೆ. ಕೈಯಲ್ಲಿ ಸಿಕ್ಕಿದ್ದರಲ್ಲಿ ಹೊಡೆದಾಡ್ತಾಳೆ ಆ ಹುಡುಗಿ. ಅವಳ ಬಟ್ಟೆ ಹರಿದಾಗ ಎದೆಯ ಮೇಲಿನ ಗಾಯದ ಗುರುತು ಕಂಡು ಅವನು ನಿಂತುಬಿಡ್ತಾನೆ. ಅವಳು ಅವನದೇ ಮಗಳು. ದಕ್ಷಿಣದಲ್ಲಿ ಯಾರು ಯಾರ ಮೇಲೆ ಬೀಳ್ತಿದ್ದರು, ಯಾರ ಮಕ್ಕಳು ಯಾರ ಮನೆಯಲ್ಲಿ ಬೆಳೀತಿದ್ದರು ಅನ್ನೋ ಲೆಕ್ಕವನ್ನ ಮಿಶೋ ಒಂದೇ ದೃಶ್ಯದಲ್ಲಿ ತೆಗೆದಿಟ್ಟ. ಸಿಲ್ವಿಯಾ ಪಾತ್ರ ಮಾಡಿದ ನಟಿ ಎವೆಲಿನ್ ಪ್ರಿಯರ್. ಅವರ ಕಣ್ಣು ನೋಡೋಕಾದರೂ ಈ ಚಿತ್ರ ನೋಡಿ.

ನೆಡ್ ಅನ್ನೋ ಪಾದ್ರಿಯ ಪಾತ್ರ ಇನ್ನೊಂದಿದೆ. ಕಪ್ಪು ಜನಕ್ಕೆ ಓದು ಬೇಡ, ವೋಟು ಬೇಡ, ಸ್ವರ್ಗ ಸಿಕ್ಕರೆ ಸಾಕು ಅಂತ ಬಿಳಿಯರ ಮುಂದೆ ಹಲ್ಲು ಗಿಂಜುತ್ತಾನೆ. ಅವರು ತಮಾಷೆಗೆ ಅವನ ಹಿಂಬದಿಗೆ ಒದೀತಾರೆ. ಅವನು ನಗ್ತಾನೇ ಬಾಗಿಲು ಹಾಕ್ಕೊಂಡು ಹೊರಗೆ ಬರ್ತಾನೆ. ಹೊರಗೆ ಬಂದ ಮೇಲೆ ನಗು ಇಲ್ಲ. ಒಬ್ಬನೇ ನಿಂತು ತನಗೆ ತಾನೇ ನೊಂದುಕೊಳ್ತಾನೆ. ಮಿಶೋ ಅವನನ್ನ ಬರೀ ಬೈದು ಬಿಡಲಿಲ್ಲ, ಆ ಕ್ಷಣವನ್ನೂ ಕೊಟ್ಟ. ನಮ್ಮಲ್ಲಿ ಅಂಥ 'ಮುಖಂಡರು' ಎಷ್ಟು ಜನ ಇದ್ದಾರೆ, ಹೊರಗೆ ಬಂದಾಗ ಅವರ ಮುಖ ಹೇಗಿರುತ್ತೆ ಅಂತ ಯೋಚನೆ ಮಾಡ್ತಾ ಕೂತೆ.

ಅವನು ವ್ಯಾಪಾರ ಮಾಡ್ತಿದ್ದ ರೀತಿಯನ್ನೂ ತಿಳ್ಕೋಬೇಕು. ಹಿಂದೆ ಸ್ಟುಡಿಯೋ ಇಲ್ಲ, ಬ್ಯಾಂಕ್ ಇಲ್ಲ. ಚಿತ್ರದ ಫೋಟೋಗಳನ್ನೂ ಮುಂದಿನ ಚಿತ್ರದ ಕತೆಯನ್ನೂ ಇಟ್ಕೊಂಡು ಊರೂರು ಸುತ್ತೋದು, ಥಿಯೇಟರ್ ಮಾಲೀಕರ ಮುಂದೆ ಹರಡೋದು, ಮುಂಗಡ ಕೇಳೋದು, ಆ ಮುಂಗಡದಲ್ಲಿ ಚಿತ್ರ ತೆಗೆಯೋದು. ಪ್ರಿಂಟುಗಳನ್ನ ತಾನೇ ಹೊತ್ಕೊಂಡು ಹೋಗಿ ಕೊಡೋದು. ಪರಿಚಯದವರ ಮನೆಯೇ ಸೆಟ್ಟು. ಒಂದು ಶಾಟ್ ಒಂದೇ ಸಲ, ತಪ್ಪಾದರೂ ಅದೇ, ಫಿಲ್ಮ್ ದುಬಾರಿ. ದಕ್ಷಿಣದ ಥಿಯೇಟರುಗಳಲ್ಲಿ ಕಪ್ಪು ಜನ ಪಕ್ಕದ ಮೆಟ್ಟಿಲು ಹತ್ತಿ ಮೇಲಿನ ಬಾಲ್ಕನಿಯಲ್ಲಿ ಕೂರಬೇಕಿತ್ತು. ಬಿಳಿಯರ ಆಟ ಮುಗಿದ ಮೇಲೆ ಮಧ್ಯರಾತ್ರಿ ಕಪ್ಪು ಜನಕ್ಕೆ ಬೇರೆ ಆಟ. ಮಿಶೋ ಚಿತ್ರಗಳು ಹಾಗೂ ಓಡಿದವು. ದಿನವೆಲ್ಲಾ ಹೊಲದಲ್ಲಿ, ಅಡುಗೆಮನೆಯಲ್ಲಿ ದುಡಿದವರು ನಡುರಾತ್ರಿ ಎದ್ದು ಬಂದು, ಪರದೆ ಮೇಲೆ ತಮ್ಮಂಥವರು ಡಾಕ್ಟರು, ಟೀಚರು, ಪತ್ತೇದಾರರು ಆಗಿರೋದನ್ನ ನೋಡಿದರು. ಸೆನ್ಸಾರಿನವರು ತಡೆದರೆ ಅದನ್ನೇ ಜಾಹೀರಾತು ಮಾಡ್ಕೊಳ್ತಿದ್ದ. ಪಕ್ಕಾ ವ್ಯಾಪಾರಿ!

1920ರಲ್ಲೇ 'ದ ಸಿಂಬಲ್ ಆಫ್ ದಿ ಅನ್‌ಕಾಂಕರ್ಡ್' ತೆಗೆದ. ಕಪ್ಪು ರೈತನ ಜಮೀನು ಕಿತ್ತುಕೊಳ್ಳೋಕೆ ಮುಸುಕುಧಾರಿಗಳು ಬರೋ ಕತೆ. 1925ರಲ್ಲಿ 'ಬಾಡಿ ಅಂಡ್ ಸೋಲ್'. ಮಹಾನ್ ಗಾಯಕ, ಹೋರಾಟಗಾರ ಪಾಲ್ ರೋಬ್ಸನ್ ಮೊದಲ ಸಲ ತೆರೆಗೆ ಬಂದದ್ದು ಇದರಲ್ಲಿ, ದ್ವಿಪಾತ್ರದಲ್ಲಿ. ಒಂದು ಪಾತ್ರ ಪಾದ್ರಿಯ ವೇಷ ಹಾಕಿ ಭಕ್ತರನ್ನ ದೋಚೋ ಕಳ್ಳ. ನ್ಯೂಯಾರ್ಕ್ ಸೆನ್ಸಾರಿನವರು ತಕರಾರು ತೆಗೆದರು, ಕತ್ತರಿಸಬೇಕಾಯ್ತು. ಈಗ ಸಿಗೋ ಪ್ರತಿಯಲ್ಲಿ ಕೊನೆಗೆ ಅದೆಲ್ಲಾ ಒಂದು ಕನಸು ಅಂತ ಆಗುತ್ತೆ.

1926ರಲ್ಲಿ ನಟಿ ಆಲಿಸ್ ರಸೆಲ್ ಅವರನ್ನ ಮದುವೆಯಾದ. ಅವರು ಅವನ ಚಿತ್ರಗಳಲ್ಲಿ ನಟಿಸಿದರು, ಕೆಲಸದಲ್ಲೂ ಹೆಗಲು ಕೊಟ್ಟರು. 1928ರಲ್ಲಿ ಕಂಪನಿ ದಿವಾಳಿ. ಆಮೇಲೆ ಟಾಕಿ ಬಂತು, ಖರ್ಚು ಹೆಚ್ಚಾಯ್ತು. ಜಾನ್ಸನ್ ಸೋದರರ ಕಂಪನಿ ಆಗಲೇ ಮುಚ್ಚಿತ್ತು. ಮಿಶೋ ಬಿಳಿ ಬಂಡವಾಳಗಾರರ ಕೈ ಹಿಡಿದು 1931ರಲ್ಲಿ 'ದಿ ಎಗ್ಸೈಲ್' ತೆಗೆದ. ಕಪ್ಪು ನಿರ್ದೇಶಕನ ಮೊದಲ ಪೂರ್ಣ ಟಾಕಿ ಚಿತ್ರ. ಮೂಕಿ ಕಾಲದ ಕಪ್ಪು ನಿರ್ಮಾಪಕರಲ್ಲಿ ಟಾಕಿ ಕಾಲದಲ್ಲೂ ಹೀಗೆ ಚಿತ್ರ ಮೇಲೆ ಚಿತ್ರ ತೆಗೆದು ಉಳಿದವನು ಹೆಚ್ಚುಕಡಿಮೆ ಇವನೊಬ್ಬನೇ.

ಅವನ ತಪ್ಪುಗಳನ್ನೂ ಹೇಳ್ತೀನಿ. ಅವನ ನಾಯಕ ನಾಯಕಿಯರು ಹೆಚ್ಚಾಗಿ ತೆಳು ಬಣ್ಣದವರು. ಗಾಢ ಕಪ್ಪು ಬಣ್ಣದವರಿಗೆ ಅನೇಕ ಸಲ ಆಳಿನ ಪಾತ್ರ, ಕಳ್ಳನ ಪಾತ್ರ, ನಗಿಸೋ ಪಾತ್ರ. ಬಿಳಿಯರು ಮಾಡಿದ ಏಣಿಯನ್ನ ತಂದು ತನ್ನ ಮನೆಯೊಳಗೇ ನಿಲ್ಲಿಸಿಕೊಂಡಿದ್ದ. 1938ರ 'ಗಾಡ್ಸ್ ಸ್ಟೆಪ್ ಚಿಲ್ಡ್ರನ್' ಬಂದಾಗ ನ್ಯೂಯಾರ್ಕಿನಲ್ಲಿ ಕಪ್ಪು ಜನರ ಮತ್ತು ಎಡಪಂಥೀಯ ಸಂಘಟನೆಗಳು ಥಿಯೇಟರ್ ಮುಂದೆ ನಿಂತು ಪ್ರತಿಭಟಿಸಿದವು. ಚಿತ್ರವನ್ನ ತೆಗೆಯಬೇಕಾಯ್ತು. ಅವರು ಮಾಡಿದ್ದು ಸರಿ ಅಂತ ನನಗನ್ನಿಸುತ್ತೆ. ಎಡ ಬಲ, ಒಳಪಂಗಡ, ನಮ್ಮ ಹೆಣ್ಣು ಮಕ್ಕಳ ಮದುವೆಗೆ ಬಂದವರು ಮೊದಲು ಕೇಳೋ 'ಹುಡುಗಿ ಬಣ್ಣ ಹೇಗೆ' ಅನ್ನೋ ಪ್ರಶ್ನೆ... ಈ ಏಣಿ ನಮ್ಮ ಮನೆಯಲ್ಲೂ ಇದೆ. ಬೇರೆಯವರಿಗೆ ಬೈಯೋ ಮುಂಚೆ ಅದನ್ನ ನೋಡ್ಕೊಳ್ಳೋಣ.

1940ರ ದಶಕದಲ್ಲಿ ಮತ್ತೆ ಕಾದಂಬರಿಗಳಿಗೆ ಮರಳಿದ. ಮತ್ತೆ ಕೈಯಲ್ಲೇ ಮಾರಾಟ. 1948ರಲ್ಲಿ ಕೊನೆಯ ಚಿತ್ರ 'ದ ಬಿಟ್ರೇಯಲ್', ಮೂರು ಗಂಟೆಗೂ ಉದ್ದ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ತೆರೆಕಂಡಿತು. ಪತ್ರಿಕೆಗಳು ಕಟುವಾಗಿ ಬರೆದವು. ಚಿತ್ರ ಮುಳುಗಿತು, ಅವನೂ ಮುಳುಗಿದ. 1951ರ ಮಾರ್ಚ್ 25ರಂದು, ಸುತ್ತಾಟದಲ್ಲಿದ್ದಾಗಲೇ, ಉತ್ತರ ಕರೊಲಿನಾದ ಷಾರ್ಲಟ್ ಊರಿನಲ್ಲಿ ತೀರಿಕೊಂಡ. ವಯಸ್ಸು 67. ಕ್ಯಾನ್ಸಾಸಿನ ಗ್ರೇಟ್ ಬೆಂಡಿನಲ್ಲಿ ಮಣ್ಣು ಮಾಡಿದರು. ಅವನ ಗೋರಿಗೆ ಒಂದು ಹೆಸರಿನ ಕಲ್ಲು ಬಿದ್ದದ್ದು 1988ರಲ್ಲಿ. ಮೂವತ್ತೇಳು ವರ್ಷ ಕಲ್ಲಿಲ್ಲ, ಹೆಸರಿಲ್ಲ.

1919ರಿಂದ 1948ರ ತನಕ ನಲವತ್ತರ ಆಸುಪಾಸು ಚಿತ್ರ ತೆಗೆದ. ಉಳಿದಿರೋದು ಹದಿನೈದರಷ್ಟು. ಮೂಕಿ ಚಿತ್ರಗಳಲ್ಲಿ ಉಳಿದದ್ದು ಮೂರೇ. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹತ್ತೋ ವಸ್ತು. ಹಾಗೇ ಇಟ್ಟರೂ ಕೊಳೆತು ಪುಡಿಯಾಗುತ್ತೆ. ದೊಡ್ಡ ಸ್ಟುಡಿಯೋಗಳೇ ಮೂಕಿ ಚಿತ್ರಗಳನ್ನ ಕಾಪಾಡಲಿಲ್ಲ, ಇನ್ನು ಇವನ ಪ್ರಿಂಟುಗಳನ್ನ ಯಾರು ಕಾಯ್ತಾರೆ?

'ವಿದಿನ್ ಅವರ್ ಗೇಟ್ಸ್' ಸಿಕ್ಕಿದ್ದು ಎಲ್ಲಿ ಗೊತ್ತಾ? ಸ್ಪೇನಿನಲ್ಲಿ. 'ಲಾ ನೆಗ್ರಾ' ಅಂತ ಬೇರೆ ಹೆಸರಲ್ಲಿ, ಸ್ಪ್ಯಾನಿಷ್ ಬರಹಗಳ ಜೊತೆ, ಮ್ಯಾಡ್ರಿಡ್ ನಗರದ ಚಿತ್ರ ಭಂಡಾರದಲ್ಲಿ ಒಂದೇ ಒಂದು ಪ್ರತಿ ಇತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನ ತರಿಸಿ, ಬರಹಗಳನ್ನ ಸ್ಪ್ಯಾನಿಷಿನಿಂದ ವಾಪಸ್ ಇಂಗ್ಲಿಷಿಗೆ ಮಾಡಿ 1993ರಲ್ಲಿ ಸರಿಪಡಿಸಿತು. ನಾನು ಮೊಬೈಲಿನಲ್ಲಿ ನೋಡಿದ್ದು ಹೀಗೆ ಬದುಕಿ ಬಂದ ಚಿತ್ರ. ಕ್ಲಾನ್ ಕತೆಯ ಚಿತ್ರ ಬೆಲ್ಜಿಯಮ್ಮಿನಲ್ಲಿ ಸಿಕ್ಕಿತು. ಆದರೆ ಕಪ್ಪು ರೈತ ಮುಸುಕುಧಾರಿಗಳನ್ನ ಓಡಿಸೋ ಕೊನೆಯ ದೃಶ್ಯ ಇದೆಯಲ್ಲ, ಅದೇ ಇಲ್ಲ. ದಾಳಿ ಉಳೀತು, ಗೆಲುವು ಕಳೆದುಹೋಯ್ತು.

ಈಗ ಆ ಅಂಚೆ ಗುಮಾಸ್ತರ ವಿಷಯ. ಜಾರ್ಜ್ ಜಾನ್ಸನ್ ಕಂಪನಿ ಮುಚ್ಚಿದ ಮೇಲೂ ಒಂದು ಕೆಲಸ ಬಿಡಲಿಲ್ಲ. ಬಂದ ಪತ್ರ, ಕಳಿಸಿದ ಪತ್ರದ ನಕಲು, ಪತ್ರಿಕೆಯ ತುಣುಕು, ಪೋಸ್ಟರು, ಫೋಟೋ ಎಲ್ಲವನ್ನೂ ಜೋಡಿಸಿ ಇಟ್ಟರು. ಪೈಪೋಟಿ ಮಾಡಿದ ಮಿಶೋನ ಪತ್ರಗಳನ್ನೂ ಹರಿದು ಹಾಕಲಿಲ್ಲ. ದಶಕಗಟ್ಟಲೆ ಇಟ್ಟರು. ಇವತ್ತು ಅದು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅವರದೇ ಹೆಸರಿನ ಸಂಗ್ರಹ. ಮಿಶೋ ಬಗ್ಗೆ ಯಾರು ಪುಸ್ತಕ ಬರೆದರೂ ಈ ಗುಮಾಸ್ತನ ಫೈಲು ಮುಟ್ಟದೆ ಬರೆಯೋಕಾಗಲ್ಲ. 'ನಾನೇ ನಿರ್ದೇಶನ ಮಾಡ್ತೀನಿ' ಅಂತ ಮಿಶೋ ಹಠ ಹಿಡಿದದ್ದು ನಮಗೆ ಗೊತ್ತಾಗಿರೋದೇ, ಆ ಹಠವನ್ನ ಒಪ್ಪದೇ ಇದ್ದವರು ಪತ್ರ ಉಳಿಸಿದ್ದರಿಂದ. 2010ರಲ್ಲಿ ಅಮೆರಿಕದ ಅಂಚೆ ಇಲಾಖೆ ಆಸ್ಕರ್ ಮಿಶೋ ಮುಖ ಇರೋ ಅಂಚೆಚೀಟಿ ತಂದಿತು. ಅದನ್ನ ಓದಿದಾಗ ನನಗೆ ಮೊದಲು ನೆನಪಾದದ್ದು ಮಿಶೋ ಅಲ್ಲ, ಒಮಾಹಾದ ಆ ಅಂಚೆ ಗುಮಾಸ್ತ.

ಗೆಳೆಯರೆ, ಇಷ್ಟು ಬರೆದದ್ದು ಯಾಕೆ ಅಂದರೆ, ನಾನು ಒಂದು ತಪ್ಪು ಮಾಡಿದ್ದೀನಿ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ತಾಲೂಕಿನಲ್ಲಿ ಭೂಮಿ ಹೋರಾಟದ ಜಾಥಾ ನಡೆದಾಗ, ಮದುವೆ ವಿಡಿಯೋ ಮಾಡೋ ನಮ್ಮ ಕೇರಿಯ ಹುಡುಗ ಕ್ಯಾಮೆರಾ ತಂದು ಮೂರು ದಿನ ಶೂಟ್ ಮಾಡಿದ್ದ. ಕಾಸು ತಗೊಳ್ಳಲಿಲ್ಲ. ಹಾಡು, ಭಾಷಣ, ಹೆಂಗಸರು ಪೊಲೀಸರ ಮುಂದೆ ಕೂತದ್ದು, ನಮ್ಮಪ್ಪ ಬಾವುಟ ಹಿಡಿದದ್ದು ಎಲ್ಲಾ ಇತ್ತು. ನಾಲ್ಕು ಕ್ಯಾಸೆಟ್. ಕಾಲೇಜು ಓದ್ತಿದ್ದವನು ನಾನೊಬ್ಬನೇ ಅಂತ ನನ್ನ ಕೈಗೆ ಕೊಟ್ಟರು. ಅಟ್ಟದ ಮೇಲೆ ಟ್ರಂಕಿನಲ್ಲಿ ಇಟ್ಟೆ. ನೌಕರಿ ಸಿಕ್ತು, ಮನೆ ಬದಲಾಯ್ತು, ಮರೆತೆ. ಅಪ್ಪ ತೀರಿಕೊಂಡ ಮೇಲೆ ಹುಡುಕಿ ತೆಗೆದರೆ ಟೇಪಿಗೆ ಬೂಷ್ಟು ಹಿಡಿದಿತ್ತು. ಸಿಟಿಯ ಅಂಗಡಿಯವರು ನೋಡಿ, ಒಂದರಲ್ಲಿ ಹನ್ನೊಂದು ನಿಮಿಷ ಮಾತ್ರ ತೆಗೆದುಕೊಟ್ಟರು. ಆ ಹನ್ನೊಂದು ನಿಮಿಷದಲ್ಲಿ ಅಪ್ಪ ಇಲ್ಲ.

ಆಫೀಸಿನಲ್ಲಿ ಯಾರದೋ ವರ್ಗಾವಣೆಯ ಕಾಗದ ಕಳೆದರೆ ನನಗೆ ನೋಟಿಸ್ ಬರುತ್ತೆ. ಅದಕ್ಕೆ ಜೋಪಾನ ಮಾಡ್ತೀನಿ. ನಮ್ಮ ಜನದ ಮೂರು ದಿನದ ದಾಖಲೆ ಕಳೆದದ್ದಕ್ಕೆ ಯಾರೂ ನೋಟಿಸ್ ಕೊಡಲಿಲ್ಲ. ಈ ಪೋಸ್ಟನ್ನೇ ನಾನು ಕೊಡ್ತಿರೋ ವಿವರಣೆ ಅಂತ ತಿಳ್ಕೊಳ್ಳಿ.

ಮಿಶೋ ಥರ ಕ್ಯಾಮೆರಾ ಹಿಡಿಯೋ ಹುಡುಗ ಹುಡುಗಿಯರು ನಮ್ಮಲ್ಲಿ ಈಗ ಇದ್ದಾರೆ, ಇನ್ನೂ ಬರ್ತಾರೆ. ಅವರು ಕತೆಯನ್ನ ಬೇರೆಯವರ ಕೈಗೆ ಕೊಡಬಾರದು, ತಾವೇ ನಿಂತು ಮಾಡಬೇಕು. ಅದನ್ನ ಎಲ್ಲರೂ ಹೇಳ್ತಾರೆ. ನಾನು ಹೇಳೋದು ಉಳಿದವರಿಗೆ, ನನ್ನಂಥ ಗುಮಾಸ್ತರಿಗೆ, ಟೀಚರುಗಳಿಗೆ, ಅಂಗನವಾಡಿ ಅಕ್ಕಂದಿರಿಗೆ. ನಿಮ್ಮ ಅಟ್ಟದ ಮೇಲೆ ಏನಿದೆ ನೋಡಿ. ಹಳೇ ಕರಪತ್ರ, ಸಂಘದ ನಡಾವಳಿ ಪುಸ್ತಕ, ಕ್ಯಾಸೆಟ್, ಅಂಬೇಡ್ಕರ್ ಜಯಂತಿಯ ಗ್ರೂಪ್ ಫೋಟೋ. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೀರಿ. ಹೆಸರು ಹೇಳೋ ಹಿರಿಯರು ಇರುವಾಗಲೇ ಬರೀರಿ. ಕಾಗದಗಳ ಫೋಟೋ ತೆಗೆದು ಎರಡು ಕಡೆ ಇಡಿ. ಜಗಳ ಆಡಿ 'ಬೇರೆ ಬಣ'ಕ್ಕೆ ಹೋದವರ ಕಾಗದವನ್ನೂ ಇಡಿ. ಜಾನ್ಸನ್ ಇಟ್ಟರಲ್ಲ, ಹಾಗೆ.

ನಾನು ಶುರು ಮಾಡಿದ್ದೀನಿ. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮನೆಯಲ್ಲೇ ಇರ್ತೀನಿ. ನಮ್ಮ ತಾಲೂಕಿನವರು ತಂದರೆ ಸ್ಕ್ಯಾನ್ ಮಾಡಿ, ನಂಬರ್ ಹಾಕಿ, ಮೂಲ ಪ್ರತಿಯನ್ನ ನಿಮ್ಮ ಕೈಗೇ ವಾಪಸ್ ಕೊಡ್ತೀನಿ. ಹೊಸ ರಿಜಿಸ್ಟರ್ ತಂದಿದ್ದೀನಿ. ಸಿನಿಮಾ ಬೇಡ ಅಂತ ಎದ್ದು ಹೋಗಿದ್ದ ಮಗಳೇ ಅದಕ್ಕೆ ಗೆರೆ ಹಾಕಿಕೊಟ್ಟಳು. ಮೊದಲನೇ ನಮೂದು ಆ ಹನ್ನೊಂದು ನಿಮಿಷ.

ಜೈ ಭೀಮ್.